ಹತಾರಕ್ಕೊಂದು ಜಾಗ

ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ದೇವರಿಗೊಂದು ಗೂಡು ಉಂಟು, ರಾಗಿಗೊಂದು ಕಣಜ ಉಂಟು, ದನಕ್ಕೆ ಕೊಟ್ಟಿಗೆ ಉಂಟು. ಸುತ್ತಿಗೆ, ಇಕ್ಕಳ, ಸ್ಪ್ಯಾನರು, ಮೊಳೆ, ಬೋಲ್ಟುಗಳಿಗೆ ಮಾತ್ರ ತಮ್ಮದೆಂಬ ಜಾಗವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ಸೀಮೆಯ ಯಾವ ಊರಿಗೆ ಹೋಗಿ ನೋಡಿದರೂ ಸರಿ. ಅಟ್ಟದ ಮೇಲೋ, ಮೆಟ್ಟಿಲ ಕೆಳಗೋ, ಕೊಟ್ಟಿಗೆಯ ಮೂಲೆಯಲ್ಲೋ ಒಂದು ಗೋಣಿಚೀಲ ಇದ್ದೇ ಇರುತ್ತದೆ. ಪೇಟೆಯ ಮನೆಯಾದರೆ ಗೋಣಿಚೀಲಕ್ಕೆ ಬದಲು ಹಳೆಯ ಬಿಸ್ಕತ್ತಿನ ಡಬ್ಬ. ಅದನ್ನು ನೆಲಕ್ಕೆ ಸುರಿದು ನೋಡಿ: ಬೀಗದ ಕೈ ಇಲ್ಲದ ಬೀಗ, ಬೀಗವಿಲ್ಲದ ಬೀಗದ ಕೈ, ಬಾಗಿದ ಮೊಳೆ, ನಟ್ಟು ಕಳೆದುಕೊಂಡ ಬೋಲ್ಟು, ಅಜ್ಜನ ಕಾಲದ ಗಾಡಿಯ ಕಡಾಣಿ, ಸೈಕಲ್ಲಿನ ಸರಪಣಿಯ ಒಂದು ತುಂಡು. ಎಲ್ಲವೂ ಉಪಯೋಗಕ್ಕೆ ಬರುವಂಥವೇ. ಆದರೆ ಬೇಕಾದಾಗ ಬೇಕಾದುದು ಕೈಗೆ ಬಾರದು. ಬೇಡವಾದಾಗ ಅದೇ ಕಾಲಿಗೆ ತೊಡರುವುದು.

ಈ ಗೋಣಿಚೀಲವೇ ನಮ್ಮ ಮನೆಯ ಕಾರ್ಯಾಗಾರ. ಅದಕ್ಕೆ ಒಂದು ಒಪ್ಪ ಓರಣ ತರುವುದು ಹೇಗೆ, ಮತ್ತು ಅದೇಕೆ ಬೇಕು ಎಂಬುದೇ ಈ ಭಾಷಣದ ವಿಷಯ.

ಇದೊಂದು ಸಣ್ಣ ವಿಷಯವೆಂದು ನಿಮಗೆ ತೋರಬಹುದು. ಗಾಡಿಯ ಕಡಾಣಿಯೂ ಸಣ್ಣ ವಸ್ತುವೇ. ಗೇಣುದ್ದವೂ ಇಲ್ಲದ ಆ ಕಬ್ಬಿಣದ ಕಡ್ಡಿ ಅಚ್ಚಿನ ತುದಿಯಿಂದ ಕಳಚಿ ಬಿದ್ದರೆ ಹೇರು ತುಂಬಿದ ಗಾಡಿಯ ಚಕ್ರ ದಾರಿಯಲ್ಲೇ ಕಳಚಿಕೊಳ್ಳುತ್ತದೆ. ಎತ್ತುಗಳು ಎಷ್ಟು ಗಟ್ಟಿಯಾಗಿದ್ದರೇನು? ಇಂದು ಗಾಡಿಗಳು ಕಡಮೆಯಾಗಿ ಟ್ರಾಕ್ಟರುಗಳು ಬಂದಿವೆ. ಟ್ರಾಕ್ಟರಿಗೂ ಟ್ರೈಲರಿಗೂ ನಡುವೆ ಇರುವ ಪಿನ್ನೂ, ಅದು ಮೇಲೆದ್ದು ಬಾರದಂತೆ ಹಾಕುವ ಸಣ್ಣ ಕ್ಲಿಪ್ಪೂ ಅದೇ ಕಡಾಣಿಯ ಸಂತತಿ. ಕ್ಲಿಪ್ಪು ಸಿಕ್ಕಲಿಲ್ಲವೆಂದು ಒಂದು ಮೊಳೆಯನ್ನು ಬಗ್ಗಿಸಿ ಸಿಕ್ಕಿಸಿಕೊಂಡು ಹೊರಟವರು ರಸ್ತೆಯಲ್ಲಿ ಎದುರಿಗೆ ಬರುವವರ ಪ್ರಾಣವನ್ನೂ ಆ ಮೊಳೆಗೆ ನೇತುಹಾಕಿದಂತಾಯಿತು.

ಈ ಸೀಮೆಯ ಬೇಸಾಯವೂ ಕಾಲಕ್ಕೆ ಕಟ್ಟುಬಿದ್ದ ಬೇಸಾಯ. ಕೃಷ್ಣರಾಜನಗರದ ಕಡೆ ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳು. ಹುಣಸೂರಿನ ಕಡೆ ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಹನಗೋಡಿನ ಅಣೆಕಟ್ಟೆಯ ನೀರು. ಪಿರಿಯಾಪಟ್ಟಣಕ್ಕೆ ಹಾರಂಗಿಯ ನಾಲೆ. ನಾಲೆಯ ನೀರು ಮುಟ್ಟದ ಹೊಲಗಳಲ್ಲಿ ಕೊಳವೆ ಬಾವಿ, ಪಂಪ್‌ಸೆಟ್ಟು. ವಿದ್ಯುತ್ತು ಇರುವ ಕೆಲವೇ ಗಂಟೆಗಳಲ್ಲಿ ನೀರೆತ್ತಿಕೊಳ್ಳಬೇಕು. ಪೈಪಿನ ಜೋಡಣೆಯ ಒಂದು ವಾಷರು ಹರಿದು, ಹೊಸ ವಾಷರು ಎಲ್ಲಿದೆಯೆಂದು ಹುಡುಕುವುದರಲ್ಲಿ ಆ ಗಂಟೆಗಳು ಕಳೆದರೆ ಅಂದಿನ ನೀರು ಹೋದ ಹಾಗೆಯೇ.

ಹೊಗೆಸೊಪ್ಪಿನ ಬ್ಯಾರನ್ನಿನ ವಿಷಯವಂತೂ ಇನ್ನೂ ಕಠಿಣ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ ಮುಂಗಾರಿನಲ್ಲಿ ನಾಟಿ ಮಾಡಿದ ಸೊಪ್ಪನ್ನು ಮಳೆಗಾಲದ ನಡುವೆಯೇ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸುತ್ತಾರೆ. ಒಲೆಯ ಬಿಸಿ ತಗಡಿನ ಕೊಳವೆಗಳಲ್ಲಿ ಹರಿದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಮೊದಲು ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸೊಪ್ಪು ಹಳದಿಯಾಗಬೇಕು. ಅಲ್ಲಿಂದ ಮೆಲ್ಲಮೆಲ್ಲನೆ ಏರಿಸಿ ಕೊನೆಗೆ ೭೦ ಡಿಗ್ರಿಯ ಸುತ್ತಮುತ್ತ ದಂಟು ಒಣಗಬೇಕು. ಐದಾರು ದಿನ ಹಗಲಿರುಳೂ ಬೆಂಕಿಯನ್ನು ಕಾಯಬೇಕು. ಕೊಳವೆಯ ತಗಡು ತುಕ್ಕು ಹಿಡಿದು ತೂತು ಬಿದ್ದರೆ ಕಿಡಿ ಹೊರಗೆ ಬರುತ್ತದೆ; ಒಣಗಿದ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದಲೇ ಕೊಳವೆಯ ಮೇಲುಗಡೆ ತಂತಿಯ ಬಲೆ ಕಟ್ಟುವುದು. ಆ ಬಲೆಯ ಒಂದು ಮೂಲೆ ಸಡಿಲವಾಗಿದ್ದು, ಬಿಗಿಯಲು ಒಂದು ಮಾರು ತಂತಿ, ಒಂದು ಇಕ್ಕಳ ಬೇಕಾದಾಗ ಅವು ಸಿಕ್ಕದೆ, 'ಆಗಲಿ, ಮುಂದಿನ ಸಲ ನೋಡೋಣ' ಎಂದು ಸೊಪ್ಪು ಏರಿಸಿದರೆ, ಆ ಮುಂದಿನ ಸಲಕ್ಕೆ ಬ್ಯಾರನ್ನೇ ಇಲ್ಲದಿರಬಹುದು. ವರ್ಷದ ದುಡಿಮೆಯೆಲ್ಲ ಒಂದು ರಾತ್ರಿಯಲ್ಲಿ ಬೂದಿಯಾಗುವ ಪ್ರಸಂಗ ಇದು.

ಇಷ್ಟು ಹೇಳಿದ ಮೇಲೆ, ಓರಣವೆಂದರೆ ಏನು ಎಂಬುದನ್ನು ವಿಚಾರ ಮಾಡೋಣ. ಅನೇಕ ಯಜಮಾನರು ಹೇಳುವ ಮಾತೊಂದುಂಟು: "ನೋಡೋಕೆ ಗಲೀಜಾಗಿರಬಹುದು, ಆದರೆ ಯಾವುದು ಎಲ್ಲಿದೆ ಅಂತ ನನಗೆ ಗೊತ್ತು." ನಿಜ, ಅವರಿಗೆ ಗೊತ್ತು. ಆದರೆ ಅವರು ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಸೊಪ್ಪು ತೆಗೆದುಕೊಂಡು ಹೋದ ದಿನ ಮನೆಯಲ್ಲಿ ನೀರಿನ ನಲ್ಲಿ ಕಿತ್ತುಬಂದಿತೆನ್ನಿ. ಮನೆಯಾಕೆ ಫೋನು ಮಾಡುತ್ತಾಳೆ: "ಆ ಪೈಪ್ ಸ್ಪ್ಯಾನರು ಎಲ್ಲಿ ಮಡಗಿದ್ದೀರಿ?" ಆ ಕಡೆಯಿಂದ ಉತ್ತರ: "ಅಲ್ಲೇ ಅಟ್ಟದ ಮೇಲೆ ಮಡಗಿವ್ನಿ, ಸರಿಯಾಗಿ ನೋಡು." ಅಟ್ಟದ ಮೇಲೆ ಏನೇನಿದೆಯೆಂದು ದೇವರೇ ಬಲ್ಲ. ಆಕೆ ಹುಡುಕುತ್ತಾಳೆ, ಈತ ಅಲ್ಲಿಂದ ರೇಗುತ್ತಾನೆ, ನೀರು ಹರಿಯುತ್ತಲೇ ಇರುತ್ತದೆ.

ಒಬ್ಬನ ತಲೆಯಲ್ಲಿ ಮಾತ್ರ ಇರುವ ಓರಣ ಓರಣವೇ ಅಲ್ಲ. ಅವನು ಊರಿಗೆ ಹೋದರೆ ಅದೂ ಹೋಗುತ್ತದೆ. ಅವನು ಹಾಸಿಗೆ ಹಿಡಿದರೆ ಮನೆಯ ಅರ್ಧ ಸಾಮಾನು ಅವನೊಡನೆ ಹಾಸಿಗೆ ಹಿಡಿದಂತೆ. ಹಿರಿಯರು ತೀರಿಕೊಂಡ ಮನೆಗಳಲ್ಲಿ ನೀವು ಕಂಡಿರಬಹುದು: ಅವರು ಐವತ್ತು ವರ್ಷ ಕೂಡಿಟ್ಟ ಒಳ್ಳೆಯ ಉಳಿ, ಅರ, ಬೈರಿಗೆಗಳನ್ನು ಯಾವುದು ಏತಕ್ಕೆಂದು ತಿಳಿಯದೆ ಮಕ್ಕಳು ಗುಜರಿಯವನಿಗೆ ತೂಕಕ್ಕೆ ಹಾಕಿಬಿಡುತ್ತಾರೆ. ಆದ್ದರಿಂದ ನಾನು ಒಂದೇ ಒಂದು ಪರೀಕ್ಷೆಯನ್ನು ಮುಂದಿಡುತ್ತೇನೆ. ಮನೆಯ ಹತ್ತು ವರ್ಷದ ಹುಡುಗನೋ ಹುಡುಗಿಯೋ ಯಾರನ್ನೂ ಕೇಳದೆ ಇಕ್ಕಳವನ್ನು ತಂದುಕೊಡಬೇಕು; ಕೆಲಸವಾದ ಮೇಲೆ ಯಾರೂ ಹೇಳದೆ ಅದನ್ನು ಇದ್ದ ಕಡೆಯೇ ಇಡಬೇಕು. ತರುವುದಕ್ಕಿಂತ ಹಿಂದಕ್ಕೆ ಇಡುವುದು ಸುಲಭವಾಗಿರಬೇಕು. ಈ ಪರೀಕ್ಷೆಯಲ್ಲಿ ಗೆದ್ದ ವ್ಯವಸ್ಥೆ ಬೆಲೆಬಾಳುವ ಕಪಾಟಿನದಾದರೂ ಸರಿ, ಬಿದಿರ ತಡಿಕೆಯದಾದರೂ ಸರಿ.

ನಮ್ಮ ಕಸುಬುದಾರರು ಇದನ್ನು ಹಿಂದಿನಿಂದ ಬಲ್ಲರು. ಬಡಗಿ ಆಚಾರಿಯ ಚೀಲವನ್ನು ನೋಡಿ. ಉಳಿಗಳ ಬಾಯಿಗೆ ಒರೆ, ಗರಗಸದ ಹಲ್ಲಿಗೆ ಸೀಳಿದ ಬಿದಿರ ಕಡ್ಡಿ, ಸುತ್ತಿಗೆ ಕೈಗೆ ಮೊದಲು ಸಿಕ್ಕುವ ಕಡೆ. ಕಮ್ಮಾರನ ಕುಲುಮೆಯಲ್ಲಿ ಇಕ್ಕಳಗಳು ಬೆಂಕಿಯ ಮಗ್ಗುಲಲ್ಲೇ ಇರುತ್ತವೆ. ಕೆಂಪಗೆ ಕಾದ ಕಬ್ಬಿಣ ಇಕ್ಕಳ ಹುಡುಕುವವರೆಗೆ ಕಾಯುವುದಿಲ್ಲ. ಹುಣಸೂರಿಗೆ ಈ ವಿಷಯದಲ್ಲಿ ಒಂದು ಹಳೆಯ ಹೆಸರೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಮೃತಮಹಲಿನ ದನಗಳ ಠಾಣೆಯ ಜೊತೆಗೆ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿಗಳನ್ನು ತಯಾರಿಸುವ ಸರಕಾರಿ ಕಾರ್ಖಾನೆ ಇತ್ತು. ೧೮೬೪ರಲ್ಲಿ ಅದನ್ನು ಮುಚ್ಚಿದರು. ಕಾರ್ಖಾನೆ ಹೋಯಿತು, ಆದರೆ ಅಲ್ಲಿ ಪಳಗಿದ ಜನ ಚರ್ಮದ ಕೆಲಸವನ್ನೂ ಕಂಬಳಿಯ ಕೆಲಸವನ್ನೂ ಊರಿನಲ್ಲೇ ಮುಂದುವರಿಸಿದರು. ಕೆಲಸದ ರೀತಿಯನ್ನು ಹತ್ತು ಜನ ಕಲಿತಿದ್ದರೆ ಅದು ಒಂದು ಕಟ್ಟಡದೊಡನೆಯೋ ಒಬ್ಬ ಅಧಿಕಾರಿಯೊಡನೆಯೋ ಮುಗಿದುಹೋಗುವುದಿಲ್ಲ ಎಂಬುದಕ್ಕೆ ಇದು ನಮ್ಮ ಸೀಮೆಯದೇ ಸಾಕ್ಷಿ.

ಇನ್ನು ಕೆಲಸಕ್ಕೆ ಇಳಿಯೋಣ. ಒಂದು ಬಿಡುವಿನ ದಿನ ಅಂಗಳದಲ್ಲಿ ಹಳೆಯ ಪಟವನ್ನೋ ಚಾಪೆಯನ್ನೋ ಹಾಸಿ, ಮನೆಯಲ್ಲಿರುವ ಹತಾರ, ಸಣ್ಣ ಸಾಮಾನುಗಳನ್ನೆಲ್ಲ ಅದರ ಮೇಲೆ ಸುರಿಯಿರಿ. ಚೀಲದೊಳಕ್ಕೆ ಬರಿಗೈ ಹಾಕಬೇಡಿ. ಕದಲದ ರಾಶಿಯಲ್ಲಿ ಚೇಳು ಮನೆ ಮಾಡಿಕೊಂಡಿರುವುದುಂಟು. ಸುರಿದುದನ್ನು ನಾಲ್ಕು ಗುಡ್ಡೆ ಮಾಡಿ. ವಾರಕ್ಕೊಮ್ಮೆಯಾದರೂ ಬೇಕಾಗುವುದು ಒಂದು. ವರ್ಷಕ್ಕೊಮ್ಮೆ, ನಾಟಿಗೋ ಬ್ಯಾರನ್ನಿಗೋ ಬೇಕಾಗುವುದು ಎರಡು. ರಿಪೇರಿಯಾದರೆ ಬಳಸಬಹುದಾದುದು ಮೂರು. ಯಾರಿಗೂ ಬೇಡವಾದುದು ನಾಲ್ಕು. ನಾಲ್ಕನೆಯ ಗುಡ್ಡೆಯನ್ನು ಅಂದೇ ಗುಜರಿಗೆ ಕಳುಹಿಸಿ. ಮೂರನೆಯದಕ್ಕೆ ಒಂದು ಗಡುವು ಹಾಕಿ. ಮುಂದಿನ ಆಯುಧಪೂಜೆಯೊಳಗೆ ರಿಪೇರಿಯಾಗದಿದ್ದರೆ ಅದೂ ನಾಲ್ಕನೆಯ ಗುಡ್ಡೆಗೆ ಸೇರಲಿ. ಎಲ್ಲವನ್ನೂ ಕೂಡಿಡುವ ಗುಣ ನಮ್ಮಲ್ಲಿ ಒಳ್ಳೆಯ ಗುಣವೆಂದೇ ಬೆಳೆದುಬಂದಿದೆ. ಆದರೆ ನೂರು ಬಾಗಿದ ಮೊಳೆಗಳ ನಡುವೆ ಹುದುಗಿದ ಒಂದು ನೇರ ಮೊಳೆ ಇದ್ದರೂ ಇಲ್ಲದ ಹಾಗೆ.

ಆಮೇಲೆ ಜಾಗವನ್ನು ಗೊತ್ತುಮಾಡಬೇಕು. ಇದರಲ್ಲಿ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು, ಹತಾರಗಳನ್ನು ಗೊಬ್ಬರದ ಚೀಲಗಳ ಪಕ್ಕದಲ್ಲಿ ಇಡುವುದು. ಯೂರಿಯ, ಪೊಟ್ಯಾಷ್ ಮೊದಲಾದ ರಸಗೊಬ್ಬರಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಪೊಟ್ಯಾಷ್ ಗೊಬ್ಬರ ಅಡಿಗೆಯ ಉಪ್ಪಿನ ನಂಟಿನದೇ ಆದ ಒಂದು ಲವಣ. ತೇವ, ಲವಣ, ಗಾಳಿ ಮೂರೂ ಕೂಡಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಇನ್ನೇನು ಬೇಕು? ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡ ಮುಚ್ಚಿಕೊಂಡೇ ಇರುವ ಕೋಟೆ, ಪಿರಿಯಾಪಟ್ಟಣದ ಕಾಡಂಚಿನ ಊರುಗಳಲ್ಲಂತೂ ಗೊಬ್ಬರದ ಕೋಣೆಯಲ್ಲಿಟ್ಟ ಗರಗಸ ಒಂದೇ ಮಳೆಗಾಲದಲ್ಲಿ ಕೆಂಪಗಾಗುತ್ತದೆ. ಆದ್ದರಿಂದ ಗೊಬ್ಬರ ಒಂದು ಕಡೆ, ಹತಾರ ಇನ್ನೊಂದು ಕಡೆ. ದನದ ಗಂಜಲ ಹರಿಯುವ ಕೊಟ್ಟಿಗೆಯ ಗೋಡೆಯೂ ಬೇಡ. ಬೆಳಕು ಗಾಳಿ ಆಡುವ, ಮಳೆಯ ಎರಚಲು ಬೀಳದ ಜಗಲಿಯ ಒಳಗೋಡೆ ಸಾಕು.

ಆ ಗೋಡೆಗೆ ಒಂದು ಹಲಗೆ. ಮಣ್ಣಿನ ಗೋಡೆಯಾದರೆ ಹಲಗೆಯನ್ನು ಅದಕ್ಕೆ ಅಂಟಿಸಿ ಹೊಡೆಯದೆ, ಹಿಂದೆ ಎರಡು ಪಟ್ಟಿಗಳನ್ನು ಕೊಟ್ಟು ಒಂದು ಅಂಗುಲ ದೂರ ನಿಲ್ಲಿಸಿ. ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣುತ್ತದೆ. ಮೊದಲ ಗುಡ್ಡೆಯ ಹತಾರಗಳನ್ನು ಮೊಳೆಗಳ ಮೇಲೆ ತೂಗುಹಾಕಿ, ಪ್ರತಿಯೊಂದರ ಸುತ್ತಲೂ ಇದ್ದಲಿನಿಂದಲೋ ಬಣ್ಣದಿಂದಲೋ ಅದರ ಆಕಾರವನ್ನು ಬರೆಯಿರಿ. ಸುತ್ತಿಗೆ ಇಲ್ಲದಾಗ ಸುತ್ತಿಗೆಯ ನೆರಳು ಮಾತ್ರ ಉಳಿಯುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಕಣ್ಣು ಹಾಯಿಸಿದರೆ ಯಾವುದು ಹೊಲದಲ್ಲೇ ಉಳಿಯಿತೆಂದು ತಿಳಿದುಹೋಗುತ್ತದೆ. ಅಕ್ಷರ ಬಾರದವರಿಗೂ ಈ ಬರಹ ಅರ್ಥವಾಗುತ್ತದೆ. ಮಚ್ಚು, ಉಳಿ, ಬಾಚಿಗಳು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಗುದ್ದಲಿ, ಹಾರೆ, ಸನಿಕೆಗಳು ಕೆಳಗೆ ನೆಲಕ್ಕೆ ತಗಲದಂತೆ ಒಂದು ಅಡ್ಡಪಟ್ಟಿಗೆ ಒರಗಿರಲಿ.

ಸಣ್ಣ ಸಾಮಾನುಗಳ ಪ್ರಶ್ನೆ ಇದಕ್ಕಿಂತ ತೊಡಕಿನದು. ಮೊಳೆ, ತಿರುಪುಮೊಳೆ, ನಟ್ಟು, ಬೋಲ್ಟು, ವಾಷರುಗಳಿಗೆ ಬಗೆಬಗೆಯ ಪಾತ್ರೆಗಳು ಬೇಕು. ಪಾತ್ರೆಗೆ ದುಡ್ಡು ಹಾಕುವುದು ಯಾರಿಗೂ ಇಷ್ಟವಿಲ್ಲ. ನಮ್ಮಲ್ಲಿ ಬಿದಿರು ಇದೆಯಲ್ಲ! ಬೇಲಿಯದೋ ಸಂತೆಯಲ್ಲಿ ಕೊಂಡದ್ದೋ ಬಲಿತ ಬಿದಿರನ್ನು, ಪ್ರತಿ ತುಂಡಿನ ಅಡಿಗೆ ಒಂದು ಗಿಣ್ಣು ಉಳಿಯುವಂತೆ ಗೇಣುದ್ದಕ್ಕೆ ಕೊಯ್ದರೆ ತಳವಿರುವ ಕೊಳವೆ ಸಿದ್ಧ. ಹಸಿ ಬಿದಿರನ್ನು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿದರೆ ಕುಟ್ಟೆಹುಳುವಿನ ಕಾಟ ಕಡಮೆ. ಇಂಥ ಹನ್ನೆರಡು ಕೊಳವೆಗಳನ್ನು ಸ್ವಲ್ಪ ಓರೆಯಾಗಿ ಒಂದು ಚೌಕಟ್ಟಿನಲ್ಲಿ ಕೂರಿಸಿದರೆ ಬಾಯಿ ನಿಮ್ಮ ಕಡೆಗಿರುತ್ತದೆ, ಒಳಗಿನದು ಕಾಣುತ್ತದೆ. ಗಾಜಿನ ಹಳೆಯ ಸೀಸೆಗಳೂ ಒಳ್ಳೆಯವು. ಮುಚ್ಚಳವನ್ನು ಹಲಗೆಯ ಅಡಿಗೆ ತಿರುಪಿನಿಂದ ಬಿಗಿದು ಸೀಸೆಯನ್ನು ಅದಕ್ಕೆ ತಿರುಗಿಸಿದರೆ ಜಾಗವೂ ಉಳಿತಾಯ.

ಮೊಳೆಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ: ಒಂದು ಅಂಗುಲ, ಒಂದೂವರೆ, ಎರಡು, ಮೂರು. ಅಂಗಡಿಯಲ್ಲಿ ತೂಕಕ್ಕೆ ಕೊಳ್ಳುವ ಮೊಳೆಗೆ ಇಷ್ಟು ವಿಂಗಡಣೆ ಸಾಕು. ಪ್ರತಿ ಪಾತ್ರೆಯ ಹೊರಗೆ ಹೆಸರು ಬರೆಯುವ ಬದಲು ಒಳಗಿರುವುದರದೇ ಒಂದು ಮಾದರಿಯನ್ನು ತಂತಿಯಿಂದ ಕಟ್ಟಿ. ಬರೆದ ಕಾಗದ ಮಳೆಗಾಲದಲ್ಲಿ ಮಾಸುತ್ತದೆ. ಕಟ್ಟಿದ ಮೊಳೆ ಮಾಸುವುದಿಲ್ಲ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅವಶ್ಯ. ಕ್ರಿಮಿನಾಶಕದ ಡಬ್ಬ, ಬಾಟಲುಗಳು ಗಟ್ಟಿಯಾಗಿವೆಯೆಂದು ಅವನ್ನು ತೊಳೆದು ಮೊಳೆ ಹಾಕಿಡುವುದು ಅನೇಕ ಕಡೆ ರೂಢಿಯಲ್ಲಿದೆ. ಇದನ್ನು ಮಾಡಲೇಬೇಡಿ. ಎಷ್ಟು ತೊಳೆದರೂ ವಿಷದ ಅಂಶ ಉಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಮೊಳೆಯಿರುವ ಆ ಬಾಟಲಿಗೂ ವಿಷವಿರುವ ಬಾಟಲಿಗೂ ಮಗುವಿನ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಖಾಲಿಯಾದ ವಿಷದ ಬಾಟಲನ್ನು ಮೂರು ಸಲ ತೊಳೆದು, ಆ ನೀರನ್ನೂ ಸಿಂಪಡಿಸುವ ಔಷಧಿಗೇ ಸೇರಿಸಿ, ಬಾಟಲಿಗೆ ತೂತು ಹೊಡೆದು ಮತ್ತೆ ಬಳಕೆಗೆ ಬಾರದಂತೆ ಮಾಡಬೇಕು. ಕ್ರಿಮಿನಾಶಕಗಳಿಗೆ ಬೀಗವಿರುವ ಬೇರೆಯದೇ ಪೆಟ್ಟಿಗೆ ಇರಬೇಕು. ಹತಾರದ ಹಲಗೆಯ ಹತ್ತಿರವೂ ಅವು ಸುಳಿಯಕೂಡದು.

ಬೋಲ್ಟು ನಟ್ಟುಗಳನ್ನು ವಿಂಗಡಿಸುವಾಗ ಒಂದು ತೊಡಕು ಎದುರಾಗುತ್ತದೆ. ನೋಡಲು ಒಂದೇ ಗಾತ್ರದ ಎರಡು ಬೋಲ್ಟುಗಳಲ್ಲಿ ಒಂದಕ್ಕೆ ಕೂರುವ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ತಿರುಗಿ ಕಚ್ಚಿಕೊಂಡು ನಿಲ್ಲುತ್ತದೆ. ಬಲ ಹಾಕಿ ತಿರುಗಿಸಿದರೆ ಮರೆ ಸವೆದು ಎರಡೂ ಹಾಳಾಗುತ್ತವೆ. ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಮೊದಲು ಒಬ್ಬೊಬ್ಬ ಯಂತ್ರ ತಯಾರಕನದೂ ಒಂದೊಂದು ಅಳತೆಯ ತಿರುಪು. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಆಗುತ್ತಿರಲಿಲ್ಲ. ೧೮೪೧ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಎಲ್ಲರಿಗೂ ಒಂದೇ ಅಳತೆಯಿರಲೆಂದು ಸೂಚಿಸಿದನು. ಆತನ ತಿರುಪಿನ ಮರೆಯ ಕೋನ ೫೫ ಡಿಗ್ರಿ, ಅಳತೆ ಅಂಗುಲದಲ್ಲಿ. ಇಂಗ್ಲಿಷರ ಯಂತ್ರಗಳೊಡನೆ ಅದು ನಮ್ಮ ದೇಶಕ್ಕೂ ಬಂದಿತು. ೧೯೫೬ರಲ್ಲಿ ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನಾದ ಮೇಲೆ ಮಿಲಿಮೀಟರಿನ ಬೋಲ್ಟುಗಳು ಬಳಕೆಗೆ ಬಂದುವು. ಅವುಗಳ ಮರೆಯ ಕೋನ ೬೦ ಡಿಗ್ರಿ. ಹಳೆಯ ಪಂಪು, ಹಳೆಯ ಕಬ್ಬಿಣದ ನೇಗಿಲುಗಳಿರುವ ಮನೆಯ ಗೋಣಿಚೀಲದಲ್ಲಿ ಈ ಎರಡು ಕಾಲಗಳೂ ಬೆರೆತು ಕುಳಿತಿವೆ.

ಒಂದು ಉದಾಹರಣೆ. ಹಳೆಯ ೫/೧೬ ಅಂಗುಲದ ಬೋಲ್ಟಿನ ದಪ್ಪ ೭.೯ ಮಿಲಿಮೀಟರು, ಹೊಸದು ೮ ಮಿಲಿಮೀಟರು. ಕಣ್ಣಿಗೆ ಒಂದೇ. ಆದರೆ ಮೊದಲನೆಯದರಲ್ಲಿ ಅಂಗುಲಕ್ಕೆ ೧೮ ಮರೆ, ಎರಡನೆಯದರಲ್ಲಿ ಸುಮಾರು ೨೦. ಹೇಗೆ ತಾನೆ ಹೊಂದೀತು? ಆದ್ದರಿಂದ ವಿಂಗಡಿಸುವಾಗ ಪ್ರತಿ ಗಾತ್ರದ, ಗುರುತು ಗೊತ್ತಿರುವ ಒಂದು ಹೊಸ ನಟ್ಟನ್ನು ಅಂಗಡಿಯಿಂದ ತಂದಿಟ್ಟುಕೊಳ್ಳಿ. ಎಣ್ಣೆ ಸವರಿದ ಬೋಲ್ಟಿನ ಮೇಲೆ ಅದು ಬೆರಳಿನಿಂದಲೇ ಕೊನೆಯವರೆಗೆ ಓಡಬೇಕು. ಓಡಿದರೆ ಮಿಲಿಮೀಟರಿನ ಪಾತ್ರೆಗೆ, ಕಚ್ಚಿಕೊಂಡರೆ ಅಂಗುಲದ ಪಾತ್ರೆಗೆ.

ಸ್ಪ್ಯಾನರಿನ ಮೇಲಿನ ಅಂಕೆಯನ್ನು ಕಂಡು ಗಾಬರಿಯಾಗುವವರೂ ಉಂಟು. ಮಿಲಿಮೀಟರಿನ ಸ್ಪ್ಯಾನರಿನಲ್ಲಿ ಬರೆದಿರುವುದು ಬೋಲ್ಟಿನ ಮೈಯ ದಪ್ಪವಲ್ಲ, ಅದರ ತಲೆಯ ಒಂದು ಚಪ್ಪಟೆ ಮುಖದಿಂದ ಎದುರು ಮುಖಕ್ಕೆ ಇರುವ ಅಗಲ. ಸಾಮಾನ್ಯವಾಗಿ ೬ ಮಿಲಿಮೀಟರಿನ ಬೋಲ್ಟಿಗೆ ೧೦ರ ಸ್ಪ್ಯಾನರು, ೮ಕ್ಕೆ ೧೩, ೧೦ಕ್ಕೆ ೧೭, ೧೨ಕ್ಕೆ ೧೯. ಈ ನಾಲ್ಕು ಸಾಲನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟರೆ ಹುಡುಗರೂ ಕಲಿತುಬಿಡುತ್ತಾರೆ.

ಈಗ ಎರಡನೆಯ ಗುಡ್ಡೆಗೆ ಬರೋಣ. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು. ಇದನ್ನು ಜಾತಿಗೆ ತಕ್ಕಂತೆ ವಿಂಗಡಿಸುವುದಕ್ಕಿಂತ ಕೆಲಸಕ್ಕೆ ತಕ್ಕಂತೆ ಕಟ್ಟಿಡುವುದು ಮೇಲು. ಬ್ಯಾರನ್ನಿಗೆ ಒಂದು ಪೆಟ್ಟಿಗೆ: ಶಾಖಮಾಪಕ, ಕಟ್ಟುವ ತಂತಿ, ತಂತಿ ಕತ್ತರಿಸುವ ಇಕ್ಕಳ, ತಗಡಿನ ತುಂಡುಗಳು, ತಗಡು ಕತ್ತರಿ, ಒಂದು ಕೈದೀಪ. ಪಂಪ್‌ಸೆಟ್ಟಿಗೆ ಒಂದು ಚೀಲ: ಅದಕ್ಕೆ ಆಗುವ ಎರಡು ಸ್ಪ್ಯಾನರು, ಪೈಪ್ ಸ್ಪ್ಯಾನರು, ಜೋಡಣೆಗೆ ಬೇಕಾದ ವಾಷರು ಬೋಲ್ಟುಗಳು, ಟೆಸ್ಟರು, ಸರಿಯಾದ ಫ್ಯೂಸ್ ತಂತಿ. ಸರಿಯಾದ ಎಂದು ಒತ್ತಿ ಹೇಳುತ್ತೇನೆ. ಫ್ಯೂಸ್ ತಂತಿ ಕೈಗೆ ಸಿಕ್ಕದಿದ್ದಾಗ ಸಿಕ್ಕಿದ ದಪ್ಪ ತಂತಿಯನ್ನು ಸುತ್ತಿಬಿಡುವುದು ಮೋಟಾರನ್ನೂ ಕೆಲವೊಮ್ಮೆ ಮನುಷ್ಯನನ್ನೂ ಸುಡುತ್ತದೆ. ಚೀಲದಲ್ಲಿ ನಾಲ್ಕಾಣೆಯ ತಂತಿ ಇದ್ದಿದ್ದರೆ ಆ ದುರ್ಬುದ್ಧಿಗೆ ಅವಕಾಶವೇ ಇರುತ್ತಿರಲಿಲ್ಲ. ಫ್ಯೂಸು ತೆಗೆಯದೆ, ಟೆಸ್ಟರಿನಿಂದ ನೋಡದೆ ಪೆಟ್ಟಿಗೆಗೆ ಕೈಹಾಕಬಾರದೆಂಬುದನ್ನೂ ಚೀಲದ ಮೇಲೆಯೇ ಬರೆದಿಡಿ. ಮನೆಯ ಬಾಗಿಲು, ಚಿಲಕ, ತಿರುಗಣಿ, ನಲ್ಲಿಗಳಿಗೆ ಮೂರನೆಯ ಡಬ್ಬ. ಇದು ಹೆಂಗಸರ ಕೈಗೆ ಎಟುಕುವ ಕಡೆ, ಅಡಿಗೆಮನೆಯ ಹತ್ತಿರವೇ ಇರಲಿ.

ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಏನೇನಿದೆಯೆಂಬ ಪಟ್ಟಿ ಅಂಟಿರಬೇಕು. ಒಂದು ವಾಷರು ತೆಗೆದರೆ ಅದರ ಮುಂದೆ ಒಂದು ಗೀಟು. ಮುಂದಿನ ಸಲ ಸಂತೆಗೋ ಹುಣಸೂರಿಗೋ ಹೋದಾಗ ಗೀಟು ಬಿದ್ದುದನ್ನು ತಂದು ತುಂಬುವುದು. ಹತ್ತು ರೂಪಾಯಿಯ ಸಾಮಾನಿಗಾಗಿ ಕೆಲಸ ನಿಲ್ಲಿಸಿ, ಬಸ್ಸು ಹಿಡಿದು ಅರ್ಧ ದಿನ ಕಳೆಯುವ ತಾಪತ್ರಯ ಹೀಗೆ ತಪ್ಪುತ್ತದೆ.

ತುಕ್ಕಿನ ವಿಷಯ ಇನ್ನೆರಡು ಮಾತು. ಬಳಸಿದ ಮೇಲೆ ಮಣ್ಣು ಒರೆಸಿ, ಒಣಬಟ್ಟೆಯಿಂದ ತೇವ ತೆಗೆದು, ಯಂತ್ರದ ಎಣ್ಣೆಯ ಬಟ್ಟೆಯಿಂದ ತೆಳ್ಳಗೆ ಸವರಿದರೆ ಕಬ್ಬಿಣಕ್ಕೆ ಗಾಳಿ ತೇವ ಸೋಕುವುದಿಲ್ಲ. ಗಾಡಿಯ ಅಚ್ಚಿಗೆ ನಮ್ಮ ಹಿರಿಯರು ಹರಳೆಣ್ಣೆಯಿಂದ ಕೀಲೆಣ್ಣೆ ಮಾಡುತ್ತಿದ್ದುದರಲ್ಲಿ ಅರ್ಥವಿದೆ. ಹರಳೆಣ್ಣೆ ಬೇಗ ಒಣಗಿ ಅಂಟಾಗುವುದಿಲ್ಲ. ಅಗಸೆ ಎಣ್ಣೆಯ ಗುಣ ಇದಕ್ಕೆ ವಿರುದ್ಧ. ಅದು ಒಣಗಿ ಪೊರೆ ಕಟ್ಟುತ್ತದೆ. ಆದ್ದರಿಂದ ಗುದ್ದಲಿ, ಸುತ್ತಿಗೆಗಳ ಮರದ ಕಾವಿಗೆ ಅದು ಒಳ್ಳೆಯದು, ಇಕ್ಕಳದ ಕೀಲಿಗೆ ಕೆಟ್ಟದ್ದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳುವುದುಂಟು. ಹರಡಿ ಒಣಗಹಾಕಿ.

ಕೊಟ್ಟು ತರುವ ಸಾಮಾನಿನ ಮಾತನ್ನೂ ಹೇಳದಿದ್ದರೆ ಈ ವಿಷಯ ಪೂರ್ತಿಯಾಗದು. ಹಳ್ಳಿಯಲ್ಲಿ ಹಾರೆ, ಪಿಕಾಸಿ, ಏಣಿಗಳು ನೆರೆಮನೆಗೆ ಹೋಗುವುದು ಸಹಜ, ಹೋಗಲೂ ಬೇಕು. ಇಲ್ಲವೆನ್ನುವುದು ನೆರೆಹೊರೆಯ ಧರ್ಮವಲ್ಲ. ಆದರೆ ಕೇಳಲು ಸಂಕೋಚಪಟ್ಟು ಹಾರೆಯನ್ನೂ, ಕೊನೆಗೆ ಸ್ನೇಹವನ್ನೂ ಕಳೆದುಕೊಂಡವರು ಎಷ್ಟು ಮಂದಿಯಿಲ್ಲ! ಹಲಗೆಯ ಪಕ್ಕದಲ್ಲಿ ಒಂದು ಸ್ಲೇಟನ್ನು ತೂಗುಹಾಕಿ. ಕೊಂಡುಹೋಗುವವರೇ ತಮ್ಮ ಹೆಸರು ಬರೆದು ಹೋಗಲಿ. ಕೇಳುವ ಕೆಲಸವನ್ನು ಸ್ಲೇಟು ಮಾಡುತ್ತದೆ, ಮನಸ್ಸು ಕಹಿಯಾಗುವುದಿಲ್ಲ.

ಜಪಾನಿನ ಕಾರ್ಖಾನೆಗಳಲ್ಲಿ ಇದೇ ಕೆಲಸವನ್ನು ಐದು ಮಾತಿನಲ್ಲಿ ಹೇಳುತ್ತಾರೆ: ಸೇಯಿರಿ, ಸೇಯಿತೋನ್, ಸೇಯಿಸೋ, ಸೇಯಿಕೇತ್ಸು, ಶಿತ್ಸುಕೆ. ಬೇಡದ್ದನ್ನು ಬೇರ್ಪಡಿಸುವುದು, ಬೇಕಾದುದಕ್ಕೆ ಜಾಗ ಮಾಡುವುದು, ಶುಚಿ ಮಾಡುವುದು, ಇದನ್ನೆಲ್ಲ ಒಂದು ನಿಯಮಕ್ಕೆ ತರುವುದು, ಆ ನಿಯಮವನ್ನು ಅಭ್ಯಾಸವಾಗಿ ಉಳಿಸಿಕೊಳ್ಳುವುದು. ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳು ಇದನ್ನು ಪಾಠವೆಂದು ಕಲಿಯುತ್ತಿವೆ. ಮೊದಲ ಮೂರನ್ನು ಯಾರಾದರೂ ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಐದನೆಯದು ಮಾತ್ರ ಮನೆಯವರೆಲ್ಲ ಸೇರದೆ ಆಗತಕ್ಕದ್ದಲ್ಲ.

ಆ ಐದನೆಯದಕ್ಕೆ ನಮ್ಮಲ್ಲಿ ಒಂದು ಹಬ್ಬವೇ ಇದೆ. ನವರಾತ್ರಿಯ ಒಂಬತ್ತನೆಯ ದಿನ, ಆಯುಧಪೂಜೆಯಂದು, ಮೈಸೂರು ಸೀಮೆಯಲ್ಲಿ ಹತಾರಕ್ಕೆ ಕುಂಕುಮವಿಡದ ಮನೆಯಿಲ್ಲ. ಸೊಪ್ಪಿನ ಕೆಲಸದ ಬಿರುಸು ತಗ್ಗುತ್ತ ಬರುವ, ಮಳೆ ಹಿಂದೆಗೆಯುವ ಹೊತ್ತು ಅದು. ಪೂಜೆಗೆಂದು ಎಲ್ಲವನ್ನೂ ಹೊರತೆಗೆದು ತೊಳೆಯುತ್ತೇವಲ್ಲ, ಆಗಲೇ ಹಲಗೆಯ ಮೇಲಿನ ನೆರಳುಗಳನ್ನೂ ಮುಚ್ಚಳದ ಪಟ್ಟಿಗಳನ್ನೂ ಮಕ್ಕಳ ಕೈಗೆ ಕೊಟ್ಟು ಲೆಕ್ಕ ಹಾಕಿಸಿ. ಯಾವುದು ಕಳೆದಿದೆ, ಯಾವುದಕ್ಕೆ ಕಾವು ಸಡಿಲ, ಯಾವುದು ಕುಲುಮೆಗೆ ಹೋಗಬೇಕು ಎಂದು ಅವರೇ ಬರೆಯಲಿ. ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಇದರ ಹೆಸರೇನು, ಇದರಿಂದ ಏನು ಮಾಡುತ್ತಾರೆ ಎಂದು ಹಿರಿಯರು ಹೇಳಲಿ. ಮರುದಿನ ಪೂಜೆ ಕದಲಿಸಿದ ಮೇಲೆ ಆ ಮಕ್ಕಳೇ ಒಂದೊಂದನ್ನೂ ಅದರದರ ಮೊಳೆಗೆ ತೂಗುಹಾಕಲಿ.